ಕ್ಲೌಡ್ ಪಾಸಾದ ತಮ್ಮಗ ಅಧ್ಯಕ್ಷೀಯ ಭಾಷಣ

ವೇದಿಕೆ ಮ್ಯಾಲಿನ ಹಿರಿಯರೇ, ವೇದಿಕೆ ಮ್ಯಾಲ ಕುರ್ಚಿ ಸಿಗದೆ ಮುಂದಿನ ಸಾಲಿನ್ಯಾಗ ಮಾರಿ ಉಬ್ಬಿಸ್ಕೊಂಡು ಕುಂತ ಹಿರಿಯರೇ, ಕಮಲಾಪುರದ ಮಹಾಜನರೇ, ಕಲಬುರಗಿಯಿಂದ ಬಸ್ಸಿನ್ಯಾಗ ನಿಂತ್ಕೊಂಡೇ ಬಂದ ಬೀಗರೇ. ಹತ್ತಕ್ಕ ಕಾರ್ಯಕ್ರಮ ಅಂತ ಪತ್ರಿಕಾದಾಗ ಹಾಕಿದ್ವಿ, ಈಗ ಹನ್ನೆರಡೂವರಿ. ತಡಾ ಆಯ್ತಂತ ಯಾರೂ ತಿಳಕೋಬ್ಯಾಡ್ರಿ. ಅಧ್ಯಕ್ಷ ಬಂದಿದ್ದೇ ಟೈಮು.

ಇವತ್ತು ನಾವು ಶಾಲು ಹೊದಿಸ್ಲತ್ತಿದ್ದು ನಮ್ಮ ಓಣಿಯ ತಮ್ಮಗ. ಬಿಇ ಮಾಡಿದ, ಯುವನಿಧಿಯ ಮೂರು ಸಾವಿರ ತಗೊಂಡ, ಈಗ ಎಡಬ್ಲ್ಯೂಎಸ್ ಕ್ಲೌಡ್ ಪ್ರಾಕ್ಟೀಷನರ್ ಅನ್ನೋ ಪರೀಕ್ಷಾ ಪಾಸ್ ಮಾಡ್ಯಾನ. ಅಮೆಜಾನ್‌ದವರ ಪರೀಕ್ಷಾ ಅದು. ಅವರ ಪಾರ್ಸಲ್ ಒಡದವರು ಊರಾಗ ಭಾಳ ಮಂದಿ ಇದ್ದೀರಿ, ಅವರ ಪರೀಕ್ಷಾ ಒಡದವ ಇವನೊಬ್ಬನೇ. 90 ನಿಮಿಷ, 65 ಪ್ರಶ್ನಿ. ಅದರಾಗ 15 ಪ್ರಶ್ನಿಗೆ ಅಂಕಾನೇ ಇಲ್ಲಂತ, ಆ 15 ಯಾವು ಅಂತ ಹೇಳಂಗಿಲ್ಲಂತ. 1000ಕ್ಕ 700 ಬಂದ್ರ ಪಾಸು, ಲೆಕ್ಕ ಶುರುವಾಗೋದೇ 100ರಿಂದ. ಇಂಥ ಬೋರ್ಡು ನನಗ ಮೆಟ್ರಿಕ್ ಗಣಿತಕ್ಕ ಸಿಕ್ಕಿದ್ರ ನಾ ಇವತ್ತು ಪೆಂಡಾಲಿನ ರೊಕ್ಕ ಕೊಟ್ಟು ಅಧ್ಯಕ್ಷ ಆಗೋ ಪ್ರಸಂಗ ಬರ್ತಿರಲಿಲ್ಲ.

ಆ ಪರೀಕ್ಷಾ ಇವ ಮನ್ಯಾಗೇ ಕುಂತು ಬರದಾನ. ಮನ್ಯಾಗ ಅಂದ್ರ ಸರಳ ಅಂತ ತಿಳೀಬ್ಯಾಡ್ರಿ. ಖೋಲಿಯ ನಾಲ್ಕೂ ದಿಕ್ಕಿನ ಫೋಟೋ ಕಳಸಬೇಕು. ಮೇಜಿನ ಮ್ಯಾಲ ಕಾಗದ ಇರಬಾರದು, ಬಾಯಿ ಪಿಟಿಪಿಟಿ ಅನ್ನಬಾರದು, ಯಾರೇ ಒಳಗ ಬಂದ್ರ ಪರೀಕ್ಷಾ ರದ್ದು. ಆ ಖೋಲ್ಯಾಗ ಆರು ಚೀಲ ತೊಗರಿ ಇತ್ತು, ಹೊರಗ ಒಗದ್ರು. ಗ್ವಾಡಿಗಿದ್ದ ಕ್ಯಾಲೆಂಡರ್ ತಗದ್ರು. ಮುತ್ಯಾನ ಫೋಟೋ ತೆಗಿಯೋದೋ ಬಿಡೋದೋ ಅಂತ ಅರ್ಧ ತಾಸು ವಾದ ಆಯ್ತು, ಕಡೀಕ ಮುತ್ಯಾನ್ನ ಉಲ್ಟಾ ತಿರುವಿಟ್ರು. ಇಷ್ಟೆಲ್ಲಾ ಆದ ಮ್ಯಾಲ ನಲವತ್ತನೇ ಪ್ರಶ್ನಿಗೆ ಆಯಿ ಚಾ ತಗೊಂಡು ಬಂದಳು. ಬಾಗಲಾ ಹಾಕಿದ್ದು ನೋಡಿ, ಹುಡುಗಗ ಏನರ ಆಗ್ಯದಂತ ತಿಳದು, ಬಾಗಲಾ ಬಡದಳು. ಅವ ಬಾಯಿ ಬಿಡಂಗಿಲ್ಲ, ಕ್ಯಾಮೆರಾ ಬಿಟ್ಟು ಏಳಂಗಿಲ್ಲ. ನಾಲ್ಕು ಮಂದಿ ಸೇರಿ ಆಯಿನ್ನ ಅಂಗಳಕ್ಕ ಕರಕೊಂಡು ಹೋದ್ರು. ಆ ನಾಲ್ವರಿಗೂ ಹಾರ ತರಿಸೀವಿ.

ಇನ್ನ ಮುಖ್ಯ ವಿಷಯಕ್ಕ ಬರ್ತೀನಿ. ಪಾಸಾದ, ಮುಂದೇನು? ಈ ಬಗ್ಗೆ ಹದಿನೈದು ದಿನದಿಂದ ಊರೇ ವಿಚಾರ ಮಾಡ್ಲತ್ತದ, ತಮ್ಮಗ ತ್ರಾಸ ಕೊಟ್ಟಿಲ್ಲ.

ಅವನ ಸ್ವಾದರ ಮಾವ ಹೇಳ್ತಾನ, ಇದೆಲ್ಲಾ ಬಿಟ್ಟು ಮೀಸಲಾತಿಯ 371ಜೆ ಸರ್ಟಿಫಿಕೇಟ್ ತಗಸು ಅಂತ. ಮಾತು ಖರೇ ಅದ. ಓದಂಗಿಲ್ಲ, ಫೋಟೋ ಕಳಸಂಗಿಲ್ಲ, ಸಹಾಯಕ ಆಯುಕ್ತರ ಸಹಿ ಬಿದ್ರ ಸಾಕು. ಕಾಕಾ ಹೇಳ್ತಾನ, 2024ರಿಂದ ಕಲಬುರಗಿಗೆ ವಂದೇ ಭಾರತ್ ಬಂದದ, ಬೆಂಗಳೂರಿಗೆ ಹೋಗಿ ಪಿಜಿ ಹಿಡಿ ಅಂತ. ಪಿಜಿ ಬಾಡಿಗಿ ಎಷ್ಟು ಅಂತ ಕೇಳಿದ್ರ ಕಾಕಾ ಎದ್ದು ಎಲಿ ಅಡಿಕಿಗೆ ಹೋಗ್ತಾನ.

ಹೈದರಾಬಾದ್ ಅನ್ನೋರೂ ಇದ್ದಾರ. ವಿಚಾರ ಮಾಡೋ ಮಾತು ಅದು. ನಿಜಾಮನ ಕಾಲದಾಗ ಈ ಸೀಮಿಯ ಕಂದಾಯ ಹೈದರಾಬಾದಿಗೆ ಹೋಗ್ತಿತ್ತು. 1956ರಾಗ ಮೈಸೂರು ರಾಜ್ಯಕ್ಕ ಕೂಡಿದ್ವಿ. 2019ರಾಗ ಹೈದರಾಬಾದ್ ಕರ್ನಾಟಕ ಅನ್ನೋ ಹೆಸರೂ ಅಳಿಸಿ ಕಲ್ಯಾಣ ಕರ್ನಾಟಕ ಅಂತ ಬರಸ್ಕೊಂಡ್ವಿ. ಆ ಬಣ್ಣ ಇನ್ನೂ ಆರಿರಲಿಲ್ಲ, 2022ಕ್ಕ ಅಮೆಜಾನ್‌ದವರು ಈ ದೇಶದಾಗಿನ ತಮ್ಮ ಎರಡನೇ ಕ್ಲೌಡ್ ಕೇಂದ್ರ ತಂದು ಹೈದರಾಬಾದ್‌ನಾಗೇ ಹಾಕಿದ್ರು. ಮೊದಲನೇದು 2016ರಿಂದ ಮುಂಬೈದಾಗ ಅದ. ಕಂದಾಯ ತಪ್ಪಿಸಿದ್ವಿ, ಡೇಟಾ ತಪ್ಪಲಿಲ್ಲ.

ಕನ್ಯಾ ಕೊಡೋರು ಒಂದು ತಕರಾರು ತಗದಾರ. ಇವನ ಸರ್ಟಿಫಿಕೇಟ್ ಮೂರೇ ವರ್ಷ ನಡೀತದಂತ, ಆಮ್ಯಾಲ ಮತ್ತ ಬರೀಬೇಕಂತ. ಗುಲಬರ್ಗಾ ವಿಶ್ವವಿದ್ಯಾಲಯದ ಡಿಗ್ರಿ ಸಾಯೋತನಕ ನಡೀತದ, ನೌಕ್ರಿ ಸಿಗಲಿ ಬಿಡಲಿ. ನಾಕನೇ ವರ್ಷ ನಮ್ಮ ಹುಡುಗಿ ಗತಿ ಏನು ಅಂತ ಕೇಳ್ಯಾರ. ಉತ್ತರಕ್ಕ ಒಂದು ಸಮಿತಿ ಮಾಡೀವಿ.

ನಮ್ಮ ಅಣ್ಣನ ಮಗಳೊಬ್ಬಾಕಿ ಬೆಂಗಳೂರಾಗ ರಾತ್ರಿ ಪಾಳಿ ಸಪೋರ್ಟ್ ಮಾಡ್ತಾಳ. ಅಕಿಗೂ ಎರಡು ಮಾತಾಡು ಅಂದಿದ್ವಿ, ನೀವೂ ಕೇಳಿದ್ರಿ. ಇದು ಮೊದಲ ಮೆಟ್ಟಲು, ಸರ್ವರ್ ಮುಟ್ಟದೇ ಪಾಸಾಗಬಹುದು ಅಂದಳು, ಶಾಲು ತಂದವರ ಎದುರಿಗೆ! ಇಂಟರ್‌ವ್ಯೂದಾಗ ಸೈಟ್ ಬಿದ್ರ ಮೊದಲು ಎಲ್ಲಿ ನೋಡ್ತಿ ಅಂತ ಕೇಳ್ತಾರ, ಲಿನಕ್ಸ್ ಕಲಿ, ನೆಟ್‌ವರ್ಕ್ ಕಲಿ ಅಂದಳು. ಕಪನೂರಿನ ಒಂದು ದಾಲ್ ಮಿಲ್ಲಿಗೆ ಹೋಗಿ ಅವರ ಬಿಲ್ಲಿಂಗ್ ಕಂಪ್ಯೂಟರಿಗೆ ದಿನಾ ರಾತ್ರಿ ಬ್ಯಾಕಪ್ ಆಗೋಹಂಗ ಮಾಡು, ಇಟ್ಟ ಬ್ಯಾಕಪ್ ಬ್ಯಾರೆ ಮಷಿನ್‌ಗೆ ವಾಪಸ್ ಬರ್ತದೋ ಇಲ್ಲೋ ತಂದು ನೋಡು, ಏನು ಕೆಟ್ಟಿತು, ಹ್ಯಾಂಗ ಸರಿ ಮಾಡಿದಿ, ತಿಂಗಳಿಗೆ ಎಷ್ಟು ಖರ್ಚಾಯ್ತು, ಎರಡು ಪುಟ ಬರದಿಡು, ಇಂಟರ್‌ವ್ಯೂಕ್ಕ ಅದನ್ನೇ ಒಯ್ಯಿ ಅಂದಳು. ಮಷಿನ್ ಚಾಲೂ ಬಿಟ್ಟು ಮಲಗಬ್ಯಾಡ, ಬಿಲ್ ಬರ್ತದ, ಬಜೆಟ್ ಅಲರ್ಟ್ ಮೊದಲ ಹಚ್ಚು ಅಂದಳು. ಮಹಾಜನರೇ, ಬ್ಯಾಕಪ್, ಬಿಲ್ಲು, ದಾಲ್ ಮಿಲ್ಲು, ಇವು ಸನ್ಮಾನ ಸಭಾದಾಗ ಆಡೋ ಮಾತೇನ್ರಿ? ಅದಕ್ಕೇ ಮೈಕ್ ಬಂದ್ ಮಾಡಿಸಿದೆ. ಲೈಟ್ ಹೋಗಿದ್ದಲ್ಲ.

ಫಲದ ತಟ್ಟಿ ಕಡಿಗೆ ನೋಡ್ರಿ. ಸೇಬು ಇಟ್ಟಿಲ್ಲ, ನಮ್ಮ ಕಮಲಾಪುರದ ಕೆಂಪು ಬಾಳಿಹಣ್ಣು ಇಟ್ಟೀವಿ. ಇದಕ್ಕೂ ಸರ್ಟಿಫಿಕೇಟ್ ಅದ, ಜಿಐ ಟ್ಯಾಗ್. ಕಾಯ್ದಾ ಪ್ರಕಾರ ಅದು 10 ವರ್ಷದ್ದು, ಆಮ್ಯಾಲ ನವೀಕರಣ. ಅಂದ್ರ ಸದ್ಯಕ್ಕ ತಮ್ಮನಿಗಿಂತ ಬಾಳಿಹಣ್ಣೇ ಸೀನಿಯರ್. ಟ್ಯಾಗ್ ಬಂದಾಗ ಇಲ್ಲೇ ಪೇಡೆ ಹಂಚಿದ್ವಿ. ಗೊನಿ ಇನ್ನೂ ಸಾದಾ ಬಾಳಿಗಿಂತ ತಡಾನೇ ಬರ್ತದ, ಗಿರಾಕಿನ್ನ ಇನ್ನೂ ರೈತನೇ ಹುಡುಕ್ತಾನ. ಇದರಿಂದ ನಾವು ಕಲಿಯೋದೇನು? ಒಂದು ಟ್ಯಾಗ್ ಸಾಲಂಗಿಲ್ಲ, ಇನ್ನೊಂದು ಬೇಕು.

ಅದಕ್ಕ ಊರಿನ ತೀರ್ಮಾನ ಕೇಳ್ರಿ. ತಮ್ಮ ಮುಂದಿನ ಪರೀಕ್ಷಾ ಬರೀತಾನ, ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್. ಯಾಕಂದ್ರ ಒಂದು ಪಾಸಾದವರಿಗೆ ಮುಂದಿನದು ಅರ್ಧ ದರ. ಸುಪರ್ ಮಾರ್ಕೆಟ್‌ದಾಗ ಸೀರಿ ಸೇಲ್ ಇದ್ದಾಗ ಬಿಡ್ತೀರೇನು? ಫೀ 150 ಡಾಲರ್, ಕೂಪನ್ ಹಚ್ಚಿದ್ರ 75. ಆ 75 ಡಾಲರ್ ಕಮಲಾಪುರದ ಜನತಾ ಕೊಡ್ತದಂತ ಈ ವೇದಿಕೆಯಿಂದ ಘೋಷಣಾ ಮಾಡ್ಲತ್ತೀನಿ. ಚಪ್ಪಾಳೆ!

ಸಾಕು. ಈಗ ಕೊಡೋರು ಕೈ ಎತ್ರಿ. ಹೆಸರು ಬರಕೊಳ್ಳಾಕ ಮಾಸ್ತರ್ ಕುಂತಾರ.

ಹಿಂದಿನ ಸಾಲು? ಬೀಗರು? ಕಾಕಾ, ಎಲ್ಲಿಗೆ ಹೊಂಟಿ?

ಹೋಗಲಿ, ಹುಗ್ಗಿ ತಯಾರದ, ಉಂಡ ಮ್ಯಾಲ ಮಾತಾಡೋಣು. ಒಂದು ಕೈ ಅಲ್ಲಿ ಎತ್ಯದ ನೋಡ್ರಿ, ಯಾರದು? ತಮ್ಮಾ, ನೀ ಇಳಸು, ಸನ್ಮಾನಿತರು ರೊಕ್ಕ ಕೊಡಂಗಿಲ್ಲ. ಏನಂದಿ? ಮಾತಾಡ್ತೀಯಾ? ಮುಂದೇನು ಮಾಡ್ತಿ ಅಂತ ನೀ ಹೇಳ್ತೀಯಾ? ಕೂಡ್ರಪ್ಪ, ಕೂಡ್ರು. ವಂದನಾರ್ಪಣೆ ಮುಗೀಲಿ.