ಕೊಟ್ಟೂರು–ನಾಗಾಸಾಕಿ ಸಿದ್ಧಾಂತ: ಐದು ತಾಲ್ಲೂಕುಗಳಲ್ಲಿ ಜಪಾನಿ ಪಾಕಪರಂಪರೆಯ ಶೋಧ

ಜಪಾನಿನ ಸಾಂಪ್ರದಾಯಿಕ ಅಡುಗೆಯನ್ನು ಮೊದಲ ಸಲ ಉಂಡು ಬಂದವರು ಬರೆದ ಸಾಹಿತ್ಯ ರಾಶಿ ಬಿದ್ದಿದೆ. ಅವರೆಲ್ಲರೂ ಎಸಗಿದ ಮೂಲಭೂತ ಪ್ರಮಾದವೆಂದರೆ ಜಪಾನಿಗೆ ಹೋದದ್ದು. ಪ್ರಸ್ತುತ ಸಂಶೋಧಕನು ಆ ಪ್ರಮಾದದಿಂದ ಪಾರಾಗಿದ್ದಾನೆ. ಅನುದಾನ ಹರಪನಹಳ್ಳಿಯವರೆಗಿನ ಬಸ್ ಚಾರ್ಜಿಗೆ ಮಾತ್ರ ಸಾಲುವಂತಿತ್ತು. ಆದಕಾರಣ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲೇ ಜಪಾನಿ ಪಾಕವನ್ನು ಶೋಧಿಸಿ, ಅದು ಅಲ್ಲಿಯೇ ಇದೆ ಎಂಬುದನ್ನು ಈ ಪ್ರಬಂಧದಲ್ಲಿ ಸಾಧಿಸಲಾಗಿದೆ.

ಮೊದಲಿಗೆ ಕ್ಷೇತ್ರಪರಿಚಯ. ಮಣ್ಣು ಬದಲಾದರೆ ರುಚಿ ಬದಲಾಗುತ್ತದೆಂದು ಜಪಾನಿ ಪಾಕತಜ್ಞರು ನಂಬುತ್ತಾರೆ. ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಹರಪನಹಳ್ಳಿಗಿಂತ ಪ್ರಶಸ್ತ ಸ್ಥಳವಿಲ್ಲ. ಬಳ್ಳಾರಿಯಲ್ಲಿದ್ದ ಈ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಇಷ್ಟೆಲ್ಲ ಪ್ರಯಾಣದಲ್ಲಿ ಊರು ಕೂತಲ್ಲಿಂದ ಎದ್ದಿಲ್ಲ, ಮಿರ್ಚಿ ಬಜ್ಜಿಯ ಖಾರವೂ ಇಳಿದಿಲ್ಲ. ಹೀಗಾಗಿ ರುಚಿಗೂ ಕಂದಾಯ ಇಲಾಖೆಗೂ ಸಂಬಂಧವಿಲ್ಲ ಎಂಬ ಮೊದಲ ನಿರ್ಣಯಕ್ಕೆ ಬರಬಹುದು.

ಅಧ್ಯಯನ ವಿಧಾನವನ್ನು ಈ ಸೀಮೆಯಿಂದಲೇ ಪಡೆಯಲಾಗಿದೆ. ‘ಉಜ್ಜಿನಿ ಒಳಗೆ ನೋಡು, ಕುರುವತ್ತಿ ಹೊರಗೆ ನೋಡು’ ಎಂದು ಇಲ್ಲಿಯವರು ದೇವಾಲಯಗಳ ಬಗ್ಗೆ ಹೇಳುತ್ತಾರೆ. ಮಿರ್ಚಿಯನ್ನೂ ಹಾಗೆಯೇ, ಮೊದಲು ಹೊರಗೆ, ಆಮೇಲೆ ಒಳಗೆ ನೋಡಲಾಯಿತು. ಅಲ್ಲದೆ ಮರುಳಸಿದ್ಧೇಶ್ವರನ ಶಿಖರಕ್ಕೇ ತೈಲಾಭಿಷೇಕ ನಡೆಯುವ ಉಜ್ಜಿನಿಯ ಆಸುಪಾಸಿನಲ್ಲಿ ಎಣ್ಣೆಯ ಬಗ್ಗೆ ಜಿಪುಣತನ ನಿರೀಕ್ಷಿಸುವುದು ಶಾಸ್ತ್ರಸಮ್ಮತವಲ್ಲ.

ಈಗ ಸಿದ್ಧಾಂತ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. ಅವರವನೇ ಆದ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ವಿಜಯನಗರಕ್ಕೆ ಬಂದು ಕಣ್ಣರಳಿಸಿ ನೋಡಿ ಬರೆದಿಟ್ಟ. 1543ರಲ್ಲಿ ಅದೇ ಜನ ಜಪಾನಿನ ತನೆಗಾಶಿಮಾ ದ್ವೀಪ ಮುಟ್ಟಿದರು. 1571ರಿಂದ ನಾಗಾಸಾಕಿ ಅವರ ವ್ಯಾಪಾರದ ಬಂದರಾಯಿತು. ತರಕಾರಿ, ಮೀನುಗಳನ್ನು ಹಿಟ್ಟಿನಲ್ಲದ್ದಿ ಎಣ್ಣೆಗೆ ಬಿಡುವ ವಿದ್ಯೆಯನ್ನು ಜಪಾನಿಯರು ಇವರಿಂದಲೇ ಕಲಿತು ಟೆಂಪುರಾ ಮಾಡಿಕೊಂಡರೆಂದು ಇತಿಹಾಸಕಾರರು ಹೇಳುತ್ತಾರೆ. ನಮ್ಮ ಕಡೆ ಇದೇ ಜನ ಅಮೆರಿಕ ಖಂಡದ ಮೆಣಸಿನಕಾಯಿಯನ್ನು ಇಳಿಸಿದರು. ಅಂದರೆ ಜಪಾನಿಗೆ ಹಿಟ್ಟು, ನಮಗೆ ಕಾಯಿ. ಎರಡನ್ನೂ ಒಂದೇ ಬಾಣಲಿಯಲ್ಲಿ ಕೂಡಿಸಿ ಕೃತಿಯನ್ನು ಪೂರ್ಣಗೊಳಿಸಿದ ಊರು ಕೊಟ್ಟೂರು. ಟೆಂಪುರಾ ಅಪೂರ್ಣ ಮಿರ್ಚಿ ಎಂದು ಇದರಿಂದ ಸಿದ್ಧವಾಗುತ್ತದೆ. 1565ರಲ್ಲಿ ವಿಜಯನಗರ ಬೀಳದೇ ಇದ್ದಿದ್ದರೆ ನಾಗಾಸಾಕಿಗೆ ಕಡ್ಲಿಹಿಟ್ಟೂ ಹೋಗುತ್ತಿತ್ತೆಂಬುದು ಸಂಶೋಧಕನ ಊಹೆ. ಊಹೆಯನ್ನು ವಿರೋಧಿಸುವ ದಾಖಲೆ ಈವರೆಗೆ ಯಾರೂ ಒದಗಿಸಿಲ್ಲ.

ಕ್ಷೇತ್ರಕಾರ್ಯ ಕೊಟ್ಟೂರಿನ ಒಂದು ತಳ್ಳುಗಾಡಿಯ ಮುಂದೆ ನಡೆಯಿತು. ಟೋಕಿಯೊದ ಟೆಂಪುರಾ ಪ್ರವೀಣನ ಎದುರು ಪ್ರವಾಸಿಗರು ಉಸಿರು ಬಿಗಿಹಿಡಿದು ಕೂರುತ್ತಾರಂತೆ. ಇಲ್ಲಿಯೂ ಉಸಿರು ಬಿಗಿಹಿಡಿಯಲಾಯಿತು, ಆದರೆ ಹೊಗೆಯ ದೆಸೆಯಿಂದ. ಯಜಮಾನರು ಉದ್ದನೆಯ ತಿಳಿಹಸಿರು ಕಾಯಿಯ ತೊಟ್ಟು ಹಿಡಿದು ಹಿಟ್ಟಿನಲ್ಲಿ ಒಮ್ಮೆ ಹೊರಳಿಸಿದರು, ಒಂದು ಮಗ್ಗುಲನ್ನು ಪಾತ್ರೆಯ ಅಂಚಿಗೆ ಒರೆಸಿದರು, ಎಣ್ಣೆಗೆ ಬಿಟ್ಟರು. ಒರೆಸಿದ ಕಡೆ ಹಿಟ್ಟು ತೆಳ್ಳಗಾಗಿ ಕಾಯಿಯ ಹಸಿರು ಇಣುಕುತ್ತದೆ. ಅಲ್ಲಿಂದಲೇ ಖಾರ ಹೊರಬರುವುದು. ಎಣ್ಣೆ ಹದವಾಗಿ ಕಾದದ್ದು ಹೇಗೆ ತಿಳಿಯುತ್ತದೆ ಎಂದು ಸಂಶೋಧಕನು ಪೆನ್ನು ಹಿಡಿದು ಕೇಳಿದನು.

“ಕಾದ್ರೆ ಗೊತ್ತಾಗುತ್ತ ಬಿಡ್ರಿ ಸಾರ್.”

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನವರು ಬಿಲ್ಲೇರಿ ಒಂದೇ ಸಾಲಿನ ಕಾರ್ಣಿಕ ನುಡಿಯುತ್ತಾರೆ. ಅದರಿಂದ ಜನ ವರ್ಷದ ಮಳೆ, ಬೆಳೆ, ಸರ್ಕಾರದ ಆಯುಸ್ಸು ಎಲ್ಲವನ್ನೂ ಲೆಕ್ಕ ಹಾಕುತ್ತಾರೆ. ಯಜಮಾನರ ಮೇಲಿನ ಸಾಲಿಗೂ ಅದೇ ಕ್ರಮದಲ್ಲಿ ನಲವತ್ತು ಪುಟಗಳ ವ್ಯಾಖ್ಯಾನ ಸಿದ್ಧವಾಗಿದೆ. ಸ್ಥಳಾಭಾವದಿಂದ ಇಲ್ಲಿ ಕೈಬಿಟ್ಟಿದೆ.

ಒಗ್ಗರಣೆ ಮಂಡಕ್ಕಿಯ ವಿಚಾರ. ಟೋಕಿಯೊದ ವಿಜ್ಞಾನಿ ಕಿಕುನೆ ಇಕೆದಾ 1908ರಲ್ಲಿ ಕಡಲಪಾಚಿಯ ಸಾರಿನಿಂದ ‘ಉಮಾಮಿ’ ಎಂಬ ರುಚಿಯ ಮೂಲವನ್ನು ಬೇರ್ಪಡಿಸಿ ತೋರಿಸಿದರು. ನೀರಲ್ಲಿ ಅದ್ದಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ ಹಿಟ್ಟು ಉದುರಿಸಿದಾಗ ಹುಟ್ಟುವ ರುಚಿಯನ್ನು ಯಾರೂ ಪ್ರಯೋಗಶಾಲೆಗೆ ಒಯ್ಯಲಿಲ್ಲ, ಒಯ್ಯುವಷ್ಟು ಉಳಿಯಲಿಲ್ಲ. ಜಪಾನಿಯರು ಹುರಿದ ಅಕ್ಕಿಯನ್ನು ಚಹಾದೊಳಗೇ ಹಾಕಿ ಗೆನ್‌ಮಾಯ್‌ಚಾ ಎನ್ನುತ್ತಾರೆ. ನಮ್ಮವರು ಮಂಡಕ್ಕಿ ತಿಂದು ಮೇಲೆ ಚಹಾ ಕುಡಿಯುತ್ತಾರೆ. ಕೂಡುವ ಜಾಗ ಬೇರೆ, ಅಷ್ಟೇ.

ಹಸಿ ಮೀನಿನ ಸಾಶಿಮಿಗೆ ಸಮಾನವಾದದ್ದು ಹರಪನಹಳ್ಳಿಯ ಖಾನಾವಳಿಯಲ್ಲಿ ಸಿಕ್ಕಿತು: ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತ್ಯಸೊಪ್ಪು, ಹಸಿ ಈರುಳ್ಳಿ, ಸೌತೆಕಾಯಿ. ಇಲ್ಲಿ ಮುಖ್ಯವಾದದ್ದು ಹಸಿತನ; ಮೀನಿಲ್ಲದಿರುವುದು ವಿವರದ ಮಾತು. ನಿಜವಾದ ಸಾಶಿಮಿಯನ್ನೇ ಬಯಸುವವರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ ಹೋಗಬೇಕು. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಆ ಕೆರೆಯಲ್ಲಿ ಕೊಕ್ಕರೆಗಳು ದಿನವೂ ಹಸಿ ಮೀನು ತಿನ್ನುತ್ತವೆ, ಸೋಯಾ ಸಾಸ್ ಕೇಳುವುದಿಲ್ಲ.

ಅಡುಗೆಯವನ ಇಚ್ಛೆಗೆ ಬಿಟ್ಟು ಉಣ್ಣುವ ‘ಒಮಕಾಸೆ’ ಪದ್ಧತಿಗೆ ಜಪಾನಿನಲ್ಲಿ ದುಬಾರಿ ದರ. ಖಾನಾವಳಿಯ ಅಕ್ಕ ಅದನ್ನು ಊಟದ ದರದಲ್ಲೇ ನಡೆಸುತ್ತಾರೆ. ಎಣ್ಣೆಗಾಯಿಯೋ ಕಾಳುಪಲ್ಯವೋ ಎಂದು ಯಾರೂ ನಿಮ್ಮನ್ನು ಕೇಳುವುದಿಲ್ಲ. ಭೇದ ಕಂಡದ್ದು ಒಂದೇ ಕಡೆ. ಹೊಟ್ಟೆ ಹತ್ತಕ್ಕೆ ಎಂಟು ಪಾಲು ತುಂಬಿದಾಗ ಕೈ ತೊಳೆಯಬೇಕೆಂಬುದು ಓಕಿನಾವಾದ ಹಿರಿಯರ ನಿಯಮ. ಆ ನಿಯಮವನ್ನು ಸಂಶೋಧಕನು ಅಕ್ಕನಿಗೆ ವಿವರಿಸಿದಾಗ ತಟ್ಟೆಗೆ ಇನ್ನೊಂದು ರೊಟ್ಟಿ ಬಿತ್ತು.

ಕೂಡ್ಲಿಗಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿಯ ಶೇಂಗಾ ಚಟ್ನಿಪುಡಿ ತಿನ್ನುತ್ತಿರುವಾಗಲೇ ಒಬ್ಬ ವಿಘ್ನಸಂತೋಷಿ ಮಿತ್ರ ಆಕ್ಷೇಪವೆತ್ತಿದ: ಶೇಂಗಾ ದಕ್ಷಿಣ ಅಮೆರಿಕದ್ದು, ಮೆಣಸಿನಕಾಯಿಯೂ ಆ ಕಡೆಯದೇ, ಜೋಳ ಆಫ್ರಿಕದ್ದು; ಹಾಗಾದರೆ ಈ ತಟ್ಟೆಯಲ್ಲಿ ನಿಮ್ಮದೇನಿದೆ? ಟೆಂಪುರಾ ಪೋರ್ಚುಗೀಸರದು, ಚಹಾ ಮತ್ತು ಚಾಪ್‌ಸ್ಟಿಕ್ಕು ಚೀನಾದವು, ಆದರೂ 2013ರಲ್ಲಿ ಯುನೆಸ್ಕೊ ಜಪಾನಿ ಆಹಾರ ಪದ್ಧತಿ ‘ವಾಶೊಕು’ವನ್ನು ಪರಂಪರೆಯ ಪಟ್ಟಿಗೆ ಸೇರಿಸಲಿಲ್ಲವೇ ಎಂದು ಉತ್ತರಿಸಲಾಯಿತು. ಅವನು ಸುಮ್ಮನಾದ. ಸಿದ್ಧಾಂತಕ್ಕೆ ಒಪ್ಪಿಯೋ ಬಾಯಲ್ಲಿ ಚಟ್ನಿ ಇದ್ದುದರಿಂದಲೋ ಎಂಬುದು ಪ್ರತ್ಯೇಕ ಅಧ್ಯಯನದ ವಿಷಯ.

ಪ್ರಬಂಧವನ್ನು ವಿದ್ವಾಂಸರ ಪರಿಶೀಲನೆಗೆ ಕಳಿಸುವ ಮುನ್ನ ಟೆಂಪುರಾದ ಚಿತ್ರವೊಂದನ್ನು ಕೊಟ್ಟೂರಿನ ಅದೇ ಯಜಮಾನರಿಗೆ ಮೊಬೈಲಿನಲ್ಲಿ ತೋರಿಸಿ ಅಭಿಪ್ರಾಯ ಬೇಡಲಾಯಿತು. ಅವರು ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು, ಚಿತ್ರವನ್ನು ಕಣ್ಣ ಹತ್ತಿರ ಹಿಡಿದು, ಅಡ್ಡಡ್ಡ ತಿರುಗಿಸಿ ನೋಡಿದರು.

“ಯಾವೂರಿಂದು ಸಾರ್ ಇದು? ಹಿಟ್ಟು ನೀರಾಗೈತಿ. ಇನ್ನೊಂದು ಹಿಡಿ ಕಡ್ಲಿಹಿಟ್ಟು ಹಾಕಾಕ ಹೇಳ್ರಿ ಅವರಿಗೆ.”