ಎಡಿಟರ್ ಆರಿಸುವ ಸರಿಯಾದ ಕ್ರಮ

ಪ್ರೋಗ್ರಾಂ ಬರೆಯುವ ಮುನ್ನ ಎಡಿಟರ್ ಆರಿಸಿ. ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿದರೆ ಪ್ರೋಗ್ರಾಂ ಬರೆಯುವ ಪ್ರಸಂಗವೇ ಬರುವುದಿಲ್ಲ. ಆದ್ದರಿಂದ ಅವಸರ ಬೇಡ. ‘ಇಷ್ಟಕ್ಕೆ ನೋಟ್‌ಪ್ಯಾಡೇ ಸಾಕಲ್ಲ’ ಎನ್ನುವವರ ಪಕ್ಕ ಊಟಕ್ಕೆ ಕೂರಬೇಡಿ.

ಇನ್ನೂ ಕಾಲೇಜಿನಲ್ಲಿದ್ದರೆ ಆರಿಸುವ ಕಷ್ಟವಿಲ್ಲ. ಲ್ಯಾಬಿನಲ್ಲಿ ಕೊಟ್ಟದ್ದನ್ನು ತೆಗೆದುಕೊಳ್ಳಿ. ಅದು ಟರ್ಬೊ ಸಿ++ ಆಗಿದ್ದರೆ ನಿಮ್ಮ ಪುಣ್ಯ. ಬೋರ್ಲ್ಯಾಂಡ್ ಕಂಪನಿ ಅದನ್ನು 1990ರಲ್ಲಿ ಡಾಸ್‌ಗಾಗಿ ಹೊರತಂದಿತು. ಸಿ++ ಭಾಷೆಗೆ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 1998ರಲ್ಲಿ. ಹೀಗೆ ಭಾಷೆಯ ನಿಯಮಕ್ಕಿಂತ ಮೊದಲೇ ಹುಟ್ಟಿದ ಸಾಧನದಲ್ಲಿ ಭಾಷೆ ಕಲಿಯಿರಿ. ಇಂದಿನ 64 ಬಿಟ್ ವಿಂಡೋಸ್ ಮೇಲೆ ಅದು ಓಡುವುದಿಲ್ಲ. ಡಾಸ್‌ಬಾಕ್ಸ್ ಹಾಕಿ ಓಡಿಸಿ. ನೀಲಿ ಪರದೆಗೆ ಕಣ್ಣು ಹೊಂದಿಸಿಕೊಳ್ಳಿ. 32,767 ದಾಟಿ ಎಣಿಸಬೇಡಿ. ಅದರ ಇಂಟ್ ಅಲ್ಲಿಂದ ಮುಂದೆ ಮೈನಸ್ಸಿಗೆ ಜಾರುತ್ತದೆ. ‘ಮೇಡಂ, ಔಟ್‌ಪುಟ್ ಬಂತು’ ಎಂದು ಕೂಗಿ, ರೆಕಾರ್ಡಿಗೆ ಸಹಿ ಹಾಕಿಸಿ, ಕೂಡಲೇ ಎಲ್ಲ ಮರೆತುಬಿಡಿ.

ಕೆಲಸ ಸಿಕ್ಕ ಮೇಲೆ ವಿಮ್ ಹಿಡಿಯಿರಿ. ಬಿಲ್ ಜಾಯ್ 1976ರಲ್ಲಿ ಬರೆದ ವಿಐ ಎಂಬ ಎಡಿಟರ್‌ನ ಸುಧಾರಿತ ರೂಪ ಇದು. ಬ್ರಾಮ್ ಮೂಲನಾರ್ 1991ರಲ್ಲಿ ಬಿಡುಗಡೆ ಮಾಡಿದರು. ಕರ್ಸರ್ ಸರಿಸಲು ಎಚ್, ಜೆ, ಕೆ, ಎಲ್ ಒತ್ತಿ. ಬಿಲ್ ಜಾಯ್ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳನ್ನು ಆ ಕೀಲಿಗಳ ಮೇಲೇ ಅಚ್ಚು ಹಾಕಿದ್ದರು. ನಿಮ್ಮ ಕೀಬೋರ್ಡಿನಲ್ಲಿ ಬಾಣದ ಕೀಲಿಗಳು ಬೇರೆಯೇ ಇವೆ, ಅವನ್ನು ಮುಟ್ಟಬೇಡಿ. ಪಕ್ಕದ ಸೀಟಿನವನಿಗೆ ‘ಗುರು, ಇನ್ನೂ ಮೌಸ್ ಹಿಡೀತೀಯಾ?’ ಎಂದು ಮರುಕದಿಂದ ಕೇಳಿ. ಹೊರಬರುವ ದಾರಿ ತಿಳಿಯದಿದ್ದರೆ ಟರ್ಮಿನಲ್ ಕಿಟಕಿಯನ್ನೇ ಮುಚ್ಚಿ. ಯಾರನ್ನೂ ಕೇಳಬೇಡಿ, ಮರ್ಯಾದೆ ಪ್ರಶ್ನೆ.

ಬೇಜಾರಾದರೆ ಇಮ್ಯಾಕ್ಸ್‌ಗೆ ಹೋಗಿ. ಅದರಲ್ಲಿ ಟೆಟ್ರಿಸ್ ಆಟವಿದೆ, ನಿಮ್ಮ ದುಃಖ ಕೇಳುವ ಡಾಕ್ಟರ್ ಕೂಡ ಇದ್ದಾನೆ. ಎರಡೂ ಬೇಕಾಗುತ್ತವೆ.

ಇಷ್ಟರಲ್ಲಿ ಮ್ಯಾನೇಜರ್ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ‘ಎಲ್ಲೀವರೆಗೆ ಬಂತು?’ ಎನ್ನುತ್ತಾರೆ. ‘ಸೆಟಪ್ ನಡೀತಿದೆ ಸರ್’ ಎನ್ನಿ. ಈ ಮಾತಿಗೆ ಎದುರುತ್ತರ ಕಂಡುಹಿಡಿದ ಮ್ಯಾನೇಜರ್ ಇನ್ನೂ ಹುಟ್ಟಿಲ್ಲ. ಕುಣಿಯಲಾರದವಳು ಅಂಗಳ ಡೊಂಕೆಂದು ಗೊಣಗಿ ಸುಮ್ಮನಾದಳು. ನೀವು ವಾರಕ್ಕೊಂದು ಹೊಸ ಅಂಗಳ ಹಾಕಿಸಿ.

ಆಮೇಲೆ ಎಲ್ಲರಂತೆ ವಿಎಸ್ ಕೋಡ್‌ಗೆ ಬನ್ನಿ. ಮೈಕ್ರೋಸಾಫ್ಟ್ 2015ರಲ್ಲಿ ತಂದದ್ದು, ಬಿಟ್ಟಿ. ಒಳಗೆ ಒಂದು ಇಡೀ ಬ್ರೌಸರ್ ಕೂತಿದೆ, ಆದ್ದರಿಂದ ಮೆಮೊರಿ ಸಾಲುವುದಿಲ್ಲವೆಂದು ಹೊಸ ಲ್ಯಾಪ್‌ಟಾಪಿಗೆ ಅರ್ಜಿ ಹಾಕಿ. ಎಕ್ಸ್‌ಟೆನ್ಶನ್‌ಗಳನ್ನು ಓದದೆ ಹಾಕಿಕೊಳ್ಳಿ. ಥೀಮಿಗೆ ಮಾತ್ರ ಪೂರ್ತಿ ದಿನ ಮೀಸಲಿಡಿ: ಬೆಳಗ್ಗೆ ಸೋಲರೈಜ್ಡ್, ಊಟವಾದ ಮೇಲೆ ಮೊನೊಕೈ, ಕಾಫಿಗೆ ಡ್ರಾಕುಲಾ. ಕಪ್ಪು ಹಿನ್ನೆಲೆ ಕಣ್ಣಿಗೆ ಒಳ್ಳೆಯದೆಂದು ಹೇಳುತ್ತಾ, ಅದನ್ನೇ ಮಧ್ಯರಾತ್ರಿವರೆಗೆ ದಿಟ್ಟಿಸಿ. ಬಿಳಿ ಹಿನ್ನೆಲೆಯವರನ್ನು ಸಾಧ್ಯವಾದಷ್ಟು ಇಂಟರ್‌ವ್ಯೂನಲ್ಲೇ ತಡೆಯಿರಿ.

ಒಂದೇ ಎಡಿಟರ್‌ಗೆ ಹೃದಯ ಕೊಡುವುದಾದರೆ ಆಟಮ್‌ನಂಥದ್ದಕ್ಕೆ ಕೊಡಿ. ಗಿಟ್‌ಹಬ್ ಅದನ್ನು 2014ರಲ್ಲಿ ತೆರೆದು 2022ರ ಡಿಸೆಂಬರಿನಲ್ಲಿ ಮುಚ್ಚಿತು. ಹೀಗಾದಾಗ ಸೆಟಪ್ಪನ್ನು ಮೊದಲಿನಿಂದ ಶುರು ಮಾಡಲು ನ್ಯಾಯವಾದ ಕಾರಣ ಸಿಗುತ್ತದೆ.

ಕೊನೆಗೂ ಕೋಡ್ ಮುಟ್ಟಲೇಬೇಕಾಗಿ ಬಂದರೆ ಫಾರ್ಮ್ಯಾಟರ್ ಆನ್ ಮಾಡಿ, ಪ್ರಾಜೆಕ್ಟಿನ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿ, ನಡುವೆ ಎಲ್ಲೋ ನಿಮ್ಮ ಒಂದು ಸಾಲಿನ ತಿದ್ದುಪಡಿ ಸೇರಿಸಿ ಕಳಿಸಿ. ರಿವ್ಯೂ ಮಾಡುವವರು ಸಾವಿರಾರು ಸಾಲಿನ ಬದಲಾವಣೆ ಕಂಡು ಓದದೆ ಒಪ್ಪಿಗೆ ಕೊಡುತ್ತಾರೆ. ಅಂದಿನಿಂದ ಗಿಟ್ ಬ್ಲೇಮ್ ಕೊಟ್ಟರೆ ಎಲ್ಲೆಲ್ಲೂ ನಿಮ್ಮದೇ ಹೆಸರು. ಸರ್ವರ್ ಕೆಟ್ಟ ರಾತ್ರಿ ಫೋನ್ ಬರುವುದೂ ನಿಮಗೇ. ಎತ್ತಿ, ‘ಎಡಿಟರ್ ಅಪ್‌ಡೇಟ್ ಆಗ್ತಿದೆ, ಬೆಳಗ್ಗೆ ನೋಡ್ತೀನಿ’ ಎಂದು ಹೇಳಿ ಮಲಗಿ.