ಹತ್ತನೆಯ ದಾಳ: ಕ್ಯಾಸ್ಟರ್ ಲೆವೆಲ್ ಮೀಮಾಂಸೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮಹಾಕ್ರೀಡೆಯ ಮೂಲಸಂಹಿತೆ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಋಷಿಗಳು ಇಬ್ಬರು: ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ನಮ್ಮ ಚರ್ಚೆ ಮಾತ್ರ 2003ರಲ್ಲಿ ಬಂದ ಮೂರೂವರೆಯನೆಯ ಆವೃತ್ತಿಗೆ ಸೀಮಿತ. ಅದೇನು ಮೂರೂವರೆ ಎಂದು ಕೇಳುವ ಓದುಗರಿಗೆ: ಮೂರನೆಯದು 2000ದಲ್ಲಿ ಬಂದಿತ್ತು, ಮೂರೇ ವರ್ಷಕ್ಕೆ ತಿದ್ದುಪಡಿ ಬೇಕಾಯಿತು, ಪೂರ್ತಿ ನಾಲ್ಕು ಎನ್ನಲು ಸಂಕೋಚವಾಯಿತು.

ವಿವಾದ ಹುಟ್ಟಿದ್ದು ಭಾನುವಾರದ ಒಂದು ಆಟದಲ್ಲಿ. ಮಿತ್ರರೊಬ್ಬರ ಪಾತ್ರ ಐದು ಲೆವೆಲ್ ವಿಝಾರ್ಡ್, ಐದು ಲೆವೆಲ್ ಕ್ಲೆರಿಕ್. ಅರ್ಧ ಮಾಂತ್ರಿಕ, ಅರ್ಧ ಪೂಜಾರಿ. ಅವರು ಬಾವಲಿ ಹಿಕ್ಕೆಗೆ ಗಂಧಕ ಬೆರೆಸಿ (ಇದು ಶಾಸ್ತ್ರೋಕ್ತ ಸಾಮಗ್ರಿ, ನನ್ನ ಕುಚೋದ್ಯವಲ್ಲ) ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರ ಎಸೆದರು. ಕ್ಯಾಸ್ಟರ್ ಲೆವೆಲ್ (ಮಂತ್ರ ಹಾಕುವವನ ಬಲದ ಅಳತೆ) ಒಂದಕ್ಕೆ ಆರು ಮುಖದ ಒಂದು ದಾಳ, ಹೆಚ್ಚೆಂದರೆ ಹತ್ತು ಎಂಬುದು ವಿಧಿ. ಮಿತ್ರರು ಹತ್ತು ದಾಳ ಎತ್ತಿಕೊಂಡರು. ಆಟ ನಡೆಸುವ ಡಂಜನ್ ಮಾಸ್ಟರ್ ಐದನ್ನು ಕಿತ್ತಿಟ್ಟುಕೊಂಡರು. ಕಾಫಿ ಆರಿತು.

ಪೂರ್ವಪಕ್ಷ ಹೀಗಿದೆ: ನಾನು ಹತ್ತನೆಯ ಲೆವೆಲ್ಲಿನವನು, ಹತ್ತೂ ಲೆವೆಲ್ ಮಂತ್ರ ಹೇಳಿಯೇ ಬಂದವನು, ಆದ್ದರಿಂದ ಹತ್ತು ದಾಳ ನನ್ನ ಹಕ್ಕು.

ಇಲ್ಲಿ ‘ಲೆವೆಲ್’ ಎಂಬ ಶಬ್ದದ ವಿಚಾರ ಅನಿವಾರ್ಯ. ಕನ್ನಡದ ‘ಮಟ್ಟ’ಕ್ಕೂ ನಾನಾರ್ಥಗಳಿವೆ, ಗಾರೆಯವನ ರಸಮಟ್ಟವೂ ಮಟ್ಟವೇ, ಎದುರಾಳಿಯನ್ನು ಹಾಕುವುದೂ ಮಟ್ಟವೇ. ಆದರೂ ನಾವು ಗೋಡೆ ಕಟ್ಟುವಾಗ ಎದುರಾಳಿಯನ್ನು ನೆನೆಯುವುದಿಲ್ಲ. ಈ ಆಟದಲ್ಲೋ ಪಾತ್ರಕ್ಕೊಂದು ಲೆವೆಲ್, ವೃತ್ತಿಗೊಂದು, ಮಂತ್ರಕ್ಕೊಂದು, ನೆಲಮಾಳಿಗೆಗೂ ಒಂದು. ಗೈಗ್ಯಾಕ್ಸರಿಗೆ ಇದು ತಿಳಿಯದ್ದೇನಲ್ಲ. ಪಾತ್ರಕ್ಕೆ ರ್‍ಯಾಂಕ್, ಮಂತ್ರಕ್ಕೆ ಪವರ್, ರಾಕ್ಷಸರಿಗೆ ಆರ್ಡರ್ ಎಂದು ಹೆಸರಿಡುವ ಯೋಚನೆ ಮೊದಲು ಇತ್ತೆಂದು 1978ರ ಆಟಗಾರರ ಕೈಪಿಡಿಯಲ್ಲಿ ಅವರೇ ಬರೆದಿದ್ದಾರೆ. ಯೋಚನೆಯನ್ನು ಕೈಬಿಟ್ಟರು. ಒಂದು ಶಬ್ದದ ಜಿಪುಣತನಕ್ಕೆ ಮೂರು ತಲೆಮಾರಿನ ಆಟಗಾರರು ಬಡ್ಡಿ ಕಟ್ಟುತ್ತಿದ್ದಾರೆ.

ಉತ್ತರಪಕ್ಷ: ಯಾವ ವೃತ್ತಿಯ ಬಲದಿಂದ ಮಂತ್ರ ಹಾಕುತ್ತೀಯೋ ಆ ವೃತ್ತಿಯ ಲೆವೆಲ್ಲೇ ನಿನ್ನ ಕ್ಯಾಸ್ಟರ್ ಲೆವೆಲ್. ಇದು ಸಾಮಾನ್ಯ ವಿಧಿ. ಕಂದಾಯ ಇಲಾಖೆಯಲ್ಲಿ ಐದು ವರ್ಷ, ಅರಣ್ಯ ಇಲಾಖೆಯಲ್ಲಿ ಐದು ವರ್ಷ ದುಡಿದವನು ಕಂದಾಯದ ಸೀನಿಯಾರಿಟಿ ಪಟ್ಟಿಯಲ್ಲಿ ಹತ್ತು ವರ್ಷದವನಾಗಿ ಕೂರಲಾರ. ಫೈರ್‌ಬಾಲ್ ವಿಝಾರ್ಡನ ಖಾತೆಯದು. ಪೂಜಾರಿಕೆಯ ಅನುಭವ ಅಲ್ಲಿ ಚಲಾವಣೆಯಾಗದು. ಐದೇ ದಾಳ.

ಸಾಮಾನ್ಯ ವಿಧಿಗೆ ಅಪವಾದವಿಲ್ಲದಿದ್ದರೆ ಶಾಸ್ತ್ರವೇಕೆ? ಪ್ಯಾಲಡಿನ್ ಎಂಬ ಧರ್ಮವೀರನನ್ನು ನೋಡಿ. ಮೂರನೆಯ ಲೆವೆಲ್ಲಿನವರೆಗೆ ಅವನಿಗೆ ಕ್ಯಾಸ್ಟರ್ ಲೆವೆಲ್ಲೇ ಇಲ್ಲ. ನಾಲ್ಕರಿಂದ ಮುಂದೆ ತನ್ನ ಲೆವೆಲ್ಲಿನ ಅರ್ಧ. ಅಂದರೆ ನಿನ್ನೆ ಶೂನ್ಯ, ಇಂದು ಎರಡು. ನಡುವಿನ ಒಂದು ಎಲ್ಲಿ ಹೋಯಿತು? ವೈಯಾಕರಣರು ಇದನ್ನು ಲೋಪ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ನನಗೆ ಸಮಾಧಾನವಾಗಿಲ್ಲ.

ಇನ್ನು ‘ಪರ್ಲ್ ಆಫ್ ಪವರ್’ ಎಂಬ ಮುತ್ತು. ಇದರ ಅತಿ ಅಗ್ಗದ ಬಗೆಗೆ ಸಾವಿರ ಚಿನ್ನದ ನಾಣ್ಯ. ಖರ್ಚಾದ ಮೊದಲ ಲೆವೆಲ್ಲಿನ ಒಂದು ಮಂತ್ರವನ್ನು ದಿನಕ್ಕೊಮ್ಮೆ ಮರಳಿ ಕೊಡುತ್ತದೆ. ಮೊನ್ನೆ ಗುರುಕುಲ ಬಿಟ್ಟ ಹುಡುಗನೂ ಹಾಕಬಲ್ಲ ಮಂತ್ರ ಅದು. ಮುತ್ತಿನ ಕ್ಯಾಸ್ಟರ್ ಲೆವೆಲ್ ಮಾತ್ರ 17! ವಸ್ತುವಿನ ಲೆವೆಲ್ಲಿಗಿಂತ ಮಾಡುವವನ ಲೆವೆಲ್ ಕಡಿಮೆ ಇರಕೂಡದೆಂಬ ವಿಧಿಯನ್ನು ಪಾಲಿಸಿದರೆ, ಈ ಚಿಲ್ಲರೆ ಮಾಲನ್ನು ತಯಾರಿಸಲು ಜಗತ್ಪ್ರಸಿದ್ಧ ಮಹಾಮಾಂತ್ರಿಕನೇ ಕುಲುಮೆಯ ಮುಂದೆ ಕೂರಬೇಕು. ಮುತ್ತಿನ ಅರ್ಹತಾಪಟ್ಟಿಯಲ್ಲಿ 17 ಎಂದಿಲ್ಲವಲ್ಲ ಎನ್ನುವವರದು ಇನ್ನೊಂದು ಸಂಪ್ರದಾಯ. ಎರಡೂ ಪಂಗಡದವರನ್ನು ಒಂದೇ ಮೇಜಿಗೆ ಕರೆಯುವವರು ಊಟದ ನಂತರ ಕರೆಯಿರಿ.

ಬೇಕೆಂದೇ ಕಡಿಮೆ ಲೆವೆಲ್ಲಿನಲ್ಲಿ ಮಂತ್ರ ಹಾಕಲೂ ಅವಕಾಶವಿದೆ. ಹತ್ತರ ವಿಝಾರ್ಡ್ ವಿನಯ ತೋರಿ ಐದರಂತೆ ಎಸೆಯಬಹುದು. ಆಗ ಫೈರ್‌ಬಾಲಿನ ದೂರವೂ 800 ಅಡಿಯಿಂದ 600ಕ್ಕೆ ಇಳಿಯುತ್ತದೆ. ದಾಳ ಐದು ಇರಲಿ, ದೂರ ಮಾತ್ರ ಎಂಟುನೂರೇ ಇರಲಿ ಎಂದರೆ ನಡೆಯದು. ವಿನಯ ಸರ್ವಾಂಗೀಣವಾಗಿರಬೇಕೆಂದು ಬೇರೆ ಯಾವ ಶಾಸ್ತ್ರವೂ ಇಷ್ಟು ಖಚಿತವಾಗಿ ಲೆಕ್ಕ ಹಾಕಿಲ್ಲ.

ಮಿತ್ರರು ಸೋಲೊಪ್ಪಲಿಲ್ಲ. ಮರುವಾರ 2004ರ ‘ಕಂಪ್ಲೀಟ್ ಡಿವೈನ್’ ಎಂಬ ವಾರ್ತಿಕವನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಅದರಲ್ಲಿ ‘ಪ್ರ್ಯಾಕ್ಟೀಸ್ಡ್ ಸ್ಪೆಲ್‌ಕ್ಯಾಸ್ಟರ್’ ಎಂಬ ವರವಿದೆ: ಆಯ್ದ ಒಂದು ವೃತ್ತಿಯ ಕ್ಯಾಸ್ಟರ್ ಲೆವೆಲ್ಲಿಗೆ ನಾಲ್ಕು ಸೇರಿಸಿಕೋ, ಆದರೆ ನಿನ್ನ ಹಿಟ್ ಡೈಸ್ ಸಂಖ್ಯೆಯನ್ನು (ಇಲ್ಲಿ ಪಾತ್ರದ ಒಟ್ಟು ಲೆವೆಲ್ಲನ್ನು) ಮೀರಬೇಡ. ಮಿತ್ರರಿಗೆ ಹಿಟ್ ಡೈಸ್ ಹತ್ತು, ಮೀರುವ ಭಯವಿಲ್ಲ. ಐದಕ್ಕೆ ನಾಲ್ಕು ಕೂಡಿದರು. ಒಂಬತ್ತು. ಬೆರಳು ಮಡಚಿ ಮತ್ತೆ ಕೂಡಿದರು. ಒಂಬತ್ತೇ.

ಹತ್ತನೆಯ ದಾಳ ಇಂದಿಗೂ ಡಂಜನ್ ಮಾಸ್ಟರರ ಬಳಿಯೇ ಇದೆ. ಆರು ಮುಖದ ದಾಳವೊಂದರ ಸರಾಸರಿ ಫಲ ಮೂರೂವರೆ.